ಬಕ್ಕೇಶನ ಮೇಲೆ ಬಂದ ಕಳೆ

ಆನೆಕೊಂಡದ ಆ ಮನೆಯಲ್ಲಿ ಸತ್ತವರು ಪೂರ್ತಿ ಹೋಗುತ್ತಿರಲಿಲ್ಲ. ಹಿರಿಯರೊಬ್ಬರು ತೀರಿಕೊಂಡ ಕೆಲವು ವರ್ಷಕ್ಕೆ ಅವರ ಮುಖ ಮಕ್ಕಳಲ್ಲೊಬ್ಬರ ಮೇಲೆ ಬರುತ್ತಿತ್ತು. ಬೆಳಿಗ್ಗೆ ಎದ್ದಾಗ ಕೆನ್ನೆ ತುಂಬಿಕೊಂಡು, ರೆಪ್ಪೆ ಭಾರವಾಗಿ, ಕಣ್ಣು ಕಿರಿದಾಗಿ, ನೋಡಿದವರು ಹಿಂದೆ ಸರಿಯುವಷ್ಟು ಹೋಲಿಕೆ. ಮನೆಯವರು ಅದನ್ನು ಕಳೆ ಬಂತು ಎನ್ನುತ್ತಿದ್ದರು. ಅಮಾವಾಸ್ಯೆಯ ದಿನ ಅವರನ್ನು ಹಿರಿಯರ ಮಣೆಯ ಮೇಲೆ ಕೂಡಿಸಿ, ಮೊದಲ ಹೋಳಿಗೆ ಬಡಿಸಿ, ದೊಡ್ಡವರು ಚಿಕ್ಕವರೆನ್ನದೆ ಕಾಲಿಗೆ ಬೀಳುತ್ತಿದ್ದರು. ಅಜ್ಜನದು ಅಪ್ಪನಿಗೆ, ಅಪ್ಪನದು ದೊಡ್ಡ ಮಗನಿಗೆ ಹೀಗೇ ಬಂದಿತ್ತು. ಬಂದವರು ಬಹಳ ಕಾಲ ಬಾಳಲಿಲ್ಲ. ಹಿರಿಯರು ಕರೆಸಿಕೊಂಡರು ಎಂದು ಎಲ್ಲರೂ ಸುಮ್ಮನಾದರು.

ಆ ಮನೆಯ ಮಗಳು ನಿರ್ಮಲಮ್ಮನನ್ನು ಹರಿಹರಕ್ಕೆ ಕೊಟ್ಟಿದ್ದರು. ಗಂಡನ ಜೊತೆ ಕಾಳಿನ ಅಂಗಡಿ ನೋಡಿಕೊಳ್ಳುವ, ಹೆಚ್ಚು ಮಾತಿಲ್ಲದ ಹೆಂಗಸು. ತವರಿನ ಹಲವರಂತೆ ಸಕ್ಕರೆ ಕಾಯಿಲೆ ಅವಳಿಗೂ ಇತ್ತು. ಈ ವರ್ಷ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಎಂದು ತಿಳಿದಾಗ ಡಾಕ್ಟರ್ ಸ್ನೇಹಾ ತವರಿನವರ ಬಗ್ಗೆ ಕೇಳಿದರು. ನಿರ್ಮಲಮ್ಮ ಕಳೆಯ ವಿಷಯ ಹೇಳಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಅದು ಬಾವು ಕಣಮ್ಮಾ. ಸಕ್ಕರೆಯಿಂದ ಕಿಡ್ನಿ ಸೋತಾಗ ಮುಖ ಹಂಗಾಗ್ತೈತೆ."

"ನಮ್ ಚಿಕ್ಕಪ್ಪಗೂ ಎಷ್ಟೋ ವರ್ಷದಿಂದ ಸಕ್ಕರೆ ಐತ್ರಿ. ಗುಂಡುಕಲ್ಲಿನಂಗೆ ಅದಾರೆ."

"ಸಕ್ಕರೆ ಇದ್ದೋರಿಗೆಲ್ಲ ಕಿಡ್ನಿ ಹೋಗಲ್ಲ. ಕೆಲವು ಮನೆತನದಾಗೆ ಕಿಡ್ನಿ ಬೇಗ ಕೆಡೋ ಗುಣ ಹುಟ್ಟಿನಿಂದ್ಲೇ ಬಂದಿರ್ತೈತೆ. ಅಣ್ಣತಮ್ಮಂದಿರಲ್ಲೇ ಒಬ್ರಿಗೆ ಬರ್ತೈತೆ, ಇನ್ನೊಬ್ರಿಗಿಲ್ಲ. ಅದನ್ನ ಬದಲಿಸೋಕಾಗಲ್ಲ. ಸಕ್ಕರೆ, ಬಿಪಿ ಹಿಡಿತದಾಗಿಟ್ಟು ನಿಧಾನ ಮಾಡಬಹುದು. ಬೇಗ ಬಂದ್ರೆ."

ಆ ವಾರವೇ ತಮ್ಮ ಬಕ್ಕೇಶನ ಫೋನು ಬಂತು. ಆನೆಕೊಂಡದ ಹತ್ತಿರದ ಕರೂರಿನಲ್ಲಿ ಲೇತ್ ಕೆಲಸದ ಶೆಡ್ ಇಟ್ಟುಕೊಂಡವನು. ಮನೆಯಲ್ಲಿ ಯಾರೂ ಅವನ ಮಾತಿಗೆ ಬೆಲೆ ಕೊಟ್ಟವರಲ್ಲ. ಇವತ್ತು ದನಿಯಲ್ಲಿ ಹಿಗ್ಗಿತ್ತು.

"ಅಕ್ಕಾ, ಅಪ್ಪನ ಕಳೆ ನನ್ ಮ್ಯಾಲೆ ಬಂದೈತಂತೆ. ನಾಳೆ ಅಮಾಸೆ, ಬಾ."

"ಸಕ್ಕರೆ ಗುಳಿಗೆ ತಗಂತಿದೀಯೇನೋ?"

"ಕಳೆ ಬಂದ ಮ್ಯಾಲೆ ಗುಳಿಗೆ ಯಾಕ?"

ಮರುದಿನ ಅವಳು ಆನೆಕೊಂಡದ ಮನೆ ಹೊಕ್ಕಳು. ಪಡಸಾಲೆಯ ಮಣೆಯ ಮೇಲೆ, ತಮ್ಮನ ಚೌಕಳಿ ಅಂಗಿ ತೊಟ್ಟು, ಅಪ್ಪ ಕೂತಿದ್ದ. ಕಿರಿದಾದ ಕಣ್ಣುಗಳು ಅವಳತ್ತ ತಿರುಗಿದವು.

"ಬಂದ್ಯಾ ನಿರ್ಮಲಾ" ಎಂದಿತು ಆ ಮುಖ.

ಬಕ್ಕೇಶ ಎಂದೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಅವಳ ಕೈ ತಾನಾಗಿ ಮುಗಿಯಲು ಮೇಲೇಳುತ್ತಿತ್ತು. ಅದನ್ನು ತಡೆದು, ಬಗ್ಗಿ, ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ಕುಳಿ ಬಿತ್ತು. ಬೆರಳು ತೆಗೆದ ಮೇಲೂ ಹಾಗೇ ಉಳಿಯಿತು.

"ಏಳು ಬಕ್ಕೇಶ. ಆಸ್ಪತ್ರೆಗೆ ಹೋಗಾಣ."

"ಮಣೆ ಮ್ಯಾಲಿಂದ ಎಬ್ಬಿಸಬಾರ್ದು" ಎಂದರು ಚಿಕ್ಕಪ್ಪ ಕೊಟ್ಟೂರಪ್ಪ. "ಎಬ್ಬಿಸಿದೋರ ಮ್ಯಾಲೆ ಬರ್ತೈತೆ."

"ಬರ್ಲಿ ಚಿಕ್ಕಪ್ಪ. ನಂಗಾಗಲೇ ಶುರುವಾಗೈತೆ. ಅಪ್ಪನ್ನ ಹಿಂಗೇ ಕಾಲಿಗೆ ಬಿದ್ದು ಕಳಿಸಿದ್ವಿ, ಅಣ್ಣನ್ನೂ ಕಳಿಸಿದ್ವಿ. ಇವನು ನಂಗೆ ಬೇಕು."

ಬಕ್ಕೇಶ ಅಲುಗಲಿಲ್ಲ. ಅವನ ಹೆಂಡತಿ ರೇವತಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಳು. ಅದನ್ನು ನೆಲಕ್ಕಿಟ್ಟು ಗಂಡನ ಒಂದು ರಟ್ಟೆ ಹಿಡಿದಳು. ಇನ್ನೊಂದನ್ನು ನಿರ್ಮಲಮ್ಮ ಹಿಡಿದಳು.

ಕಿಡ್ನಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಉಳಿದದ್ದನ್ನು ಕಾಯಬಹುದು ಎಂದರು ಆಸ್ಪತ್ರೆಯಲ್ಲಿ. ಔಷಧಿ, ಪಥ್ಯ ನಡೆದವು. ಸಕ್ಕರೆ ಹಿಡಿತಕ್ಕೆ ಬಂತು, ಬಾವು ಇಳಿಯಿತು. ಅಪ್ಪನ ಮುಖ ದಿನದಿನಕ್ಕೆ ಕರಗಿ ಅದರಡಿಯಿಂದ ಬಡಕಲು ಬಕ್ಕೇಶ ಹೊರಬಂದ. ಅವನಿಗೆ ಸ್ವಲ್ಪ ಬೇಸರವಾದದ್ದೂ ನಿಜ.

ಕೊಟ್ಟೂರಪ್ಪ ನಿರ್ಮಲಮ್ಮನ ಜೊತೆ ಮಾತು ಬಿಟ್ಟರು. ಬಿಟ್ಟ ಕಳೆ ಎಲ್ಲಾದರೂ ಇಳಿಯಲೇಬೇಕು ಎಂದು ಹೇಳಿಕೊಂಡು ತಿರುಗಿದರು. ಅಲ್ಲಿಂದೀಚೆಗೆ ಆ ಮನೆತನದವರು ಬೆಳಿಗ್ಗೆ ಎದ್ದು ಒಬ್ಬರ ಮುಖ ಒಬ್ಬರು ದಿಟ್ಟಿಸುತ್ತಾರೆ, ಕನ್ನಡಿಯ ಮುಂದೆ ಕೆನ್ನೆ ಒತ್ತಿಕೊಂಡು ನಿಲ್ಲುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹರಿಹರದ ಅಂಗಡಿಗೆ ಬಂದು, ಕಾಳು ಕೊಳ್ಳುವ ನೆವ ಮಾಡಿ, ಪರೀಕ್ಷೆಗೆ ಮೂತ್ರ ಎಲ್ಲಿ ಕೊಡಬೇಕು ಎಂದು ಮೆಲ್ಲಗೆ ಕೇಳುತ್ತಾರೆ. ನಿರ್ಮಲಮ್ಮ ದಾರಿ ಹೇಳುತ್ತಾಳೆ. ಹೇಳುವಾಗ, ಅಪ್ಪ ಕಂಡಾನೆಂಬ ಅಳುಕಿಗೆ, ಅವರ ಮುಖ ನೋಡುವುದಿಲ್ಲ.