ಕುಂಭಾಶಿಯಲ್ಲಿ ನಿಂತ ಬಸ್ಸು

ಆಗ ನಾನು ಕುಂದಾಪುರ–ಬ್ರಹ್ಮಾವರ ಮಾರ್ಗದಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದೆ. ಐದೇ ನಿಮಿಷದ ಅಂತರದಲ್ಲಿ ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಿತ್ತು. ತಡವಾದರೆ ಬಸ್ಸಿನ ಧಣಿಗಳ ಬೈಗುಳ. ಮನೆಯಲ್ಲಿ ಮಲಗಿದರೂ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಎರಡು ತಿಂಗಳಿಂದ ಸರಿಯಾದ ನಿದ್ದೆಯಿರಲಿಲ್ಲ.

ಒಂದು ಬೆಳಿಗ್ಗೆ ಕುಂಭಾಶಿ ಹತ್ತಿರ, ಎಂಜಿನ್ ಪಕ್ಕ ಕೂತಿದ್ದ ಮೀನು ಮಾರುವ ಹೆಂಗಸೊಬ್ಬರು ಕಿರುಚಿದರು: "ಹ್ವಾಯ್! ಬಸ್ ನಿಲ್ಸಿ!"

ಬೆಚ್ಚಿಬಿದ್ದು ಬ್ರೇಕ್ ಹಾಕಿದೆ. ಎಡಗಡೆಯ ಚಕ್ರ ಮಣ್ಣಿಗಿಳಿದಿತ್ತು. ರಸ್ತೆ ಬದಿ ಬಸ್ಸಿಗೆ ಕಾಯುತ್ತಿದ್ದವರು ಚೆಲ್ಲಾಪಿಲ್ಲಿಯಾಗಿ ಓಡಿದ್ದರು.

"ಎಂತ ಆಯ್ತ್?" ಎಂದೆ, ಏನೂ ಆಗದವನಂತೆ.

"ನಾನ್ ಕನ್ನಡಿಯಗೆ ನಿಮ್ ಮುಖ ಕಾಂತಾ ಇದ್ದಿದ್ದೆ. ಎರಡ್ ಸಲ ಕಣ್ ಮುಚ್ಚಿದ್ರಿ. ಕೀ ಕೊಡಿ ಇಲ್ಲಿ."

"ಹಿಂದಿನ್ ಬಸ್ ಬತ್ತ್ ಅಕ್ಕಾ, ಟೈಮ್ ಇಲ್ಲೆ."

"ಬರ್ಲಿ. ಹೋಪರ್ ಅದ್ರಗೆ ಹೋಯ್ಲಿ. ನೀವ್ ಒಂಚೂರ್ ಕಣ್ ಮುಚ್ಚಿ ಮನಿಕಣಿ."

ಮಣ್ಣಿಗಿಳಿದ ಚಕ್ರವನ್ನು ಇನ್ನೊಮ್ಮೆ ನೋಡಿದೆ. ಕೀ ಕೊಟ್ಟೆ. ಜನ ನನ್ನನ್ನು ಬೈಯುತ್ತಲೇ ಹಿಂದಿನ ಬಸ್ಸು ಹತ್ತಿದರು. ಆಕೆ ಮಾತ್ರ ಮೀನಿನ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಅಲ್ಲೇ ಕೂತರು. ಸ್ಟಿಯರಿಂಗಿಗೆ ತಲೆಯಿಟ್ಟ ನನಗೆ ಒಂದು ಗಂಟೆ ಎಚ್ಚರವಾಗಲಿಲ್ಲ.

ಸಂಜೆ ಧಣಿಗಳಿಗೆ ನಡೆದದ್ದನ್ನೆಲ್ಲ ಹೇಳಿ, ದಿನಕ್ಕೆ ಒಂದು ಟ್ರಿಪ್ ಕಡಿಮೆ ಮಾಡಿ ಎಂದು ಕೇಳಿಕೊಂಡೆ. ಕಡೆಗೆ ಒಪ್ಪಿದರು.

"ಆದ್ರೆ ಯಾರ್ ಕೇಂಡ್ರೂ ಟಯರ್ ಪಂಕ್ಚರ್ ಆಯ್ತ್ ಅಂತ್ಲೇ ಹೇಳ್ ಮಾರಾಯಾ," ಎಂದರು.

ಇಡೀ ಬಸ್ಸಿನ ಜನ ಕಣ್ಣಾರೆ ಕಂಡದ್ದಕ್ಕೆ ನಾನೊಬ್ಬ ಪಂಕ್ಚರ್ ಎನ್ನಬೇಕಂತೆ!