ಪಾಸ್ಟರ್ ಅಂಗಿಯ ಅಂಚು

"ಸೌಲ ರಾಜ ಆಗಿದ್ದ. ದಾವೀದ ಕುರಿ ಕಾಯೋನು. ಮಂದಿಯೆಲ್ಲ ದಾವೀದನ್ನೇ ಹೊಗಳ್ತಾರಂತ ರಾಜಾಗ ಹೊಟ್ಟಿಕಿಚ್ಚು. ಮೂರು ಸಾವಿರ ಮಂದಿ ಕಟ್ಕೊಂಡು ಇವನ್ನ ಕೊಲ್ಲಾಕ ಗುಡ್ಡ ಗುಡ್ಡ ತಿರುಗ್ಯಾನ. ಒಂದಿನ ನಡು ಹಾದ್ಯಾಗ ರಾಜಾಗ ಅವಸರ ಆತು. ರಾಜ ಆದ್ರೇನವ್ವಾ, ಹೊಟ್ಟಿ ಎಲ್ಲಾರಿಗೂ ಒಂದೇ. ಚೆಂಬು ಹಿಡಕೊಂಡು ಒಬ್ಬನೇ ಗವಿಯೊಳಗ ಹೋದ. ಅದೇ ಗವಿ ಮೂಲ್ಯಾಗ ದಾವೀದ ಅಡಗಿ ಕುಂತಾನ! ಸಂಗಡಿಗರು ಕಿವ್ಯಾಗ ಅಂದ್ರು, 'ದೇವರೇ ಕೈಗೆ ಕೊಟ್ಟಾನ, ಹೊಡಿ.' ಕತ್ತಿ ಹಿಡದು ಹೋದ. ಹೋಗಿ ಏನ್ ಕೊಯ್ದ? ಕುತ್ತಿಗಿ ಅಲ್ಲ, ಅಂಗಿ ಅಂಚು. ಇಷ್ಟೇ ಇಷ್ಟು. ಅಷ್ಟಕ್ಕೇ ಅವನ ಎದಿ ಡವಡವ ಅಂತು. ಯಾಕಂದ್ರ ಆ ರಾಜನ ತಲಿ ಮ್ಯಾಲ ದೇವರ ಹೆಸರಲೆ ಎಣ್ಣಿ ಹೊಯ್ದು ಪಟ್ಟ ಕಟ್ಟಿದ್ರು. ಅವ ಕೆಟ್ಟೋನಾದ್ರೂ ಆ ಎಣ್ಣಿ ಸುಳ್ಳಲ್ಲಲ್ಲ?"

"ಇಷ್ಟೇ ಇಷ್ಟು" ಎನ್ನುವಾಗ ಚಂದ್ರಾಬಾಯಿ ತನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸುತ್ತಿದ್ದಳು. ನೋಡುವವರಿಗೆ ರಾಜನ ಅಂಗಿಯೇ ಅಲ್ಲಿ ಕಂಡಂತಾಗುತ್ತಿತ್ತು.

ತೆಲಂಗಾಣದ ಗಡಿಯಲ್ಲಿ, ಯಾಲಾಲ್ ಕಡೆಯ ಹಳ್ಳಿಯೊಂದರಲ್ಲಿ ಆಕೆ ರವಿಕೆ ಹೊಲಿಯುವ ಹೆಂಗಸು. ತವರು ನಾರಾಯಣಖೇಡ್ ಹತ್ತಿರ. ಅಕ್ಷರ ಬಾರದು. ಬೈಬಲಿನ ಹಳೇ ಒಡಂಬಡಿಕೆಯ ಕಥೆಗಳೆಲ್ಲ ಅವ್ವನ ಬಾಯಿಂದ ಕಿವಿಗೆ ಬಿದ್ದವು, ಬಿದ್ದದ್ದೊಂದೂ ಹೊರಗೆ ಹೋಗಲಿಲ್ಲ. ಬುಧವಾರ ಮಧ್ಯಾಹ್ನ ಚರ್ಚಿನ ಹಿಂದೆ ಬೇವಿನ ನೆರಳಲ್ಲಿ ಹೆಂಗಸರ ಕೂಟ ಕೂಡುತ್ತಿತ್ತು. ವಾರವೆಲ್ಲ ಮಷಿನ್ ತುಳಿಯುವ ಚಂದ್ರಾಬಾಯಿಗೆ ಕಥೆ ಹೇಳುವ ಆ ಒಂದು ತಾಸೇ ಜೀವ. ತೊಗರಿ ಕೊಯ್ಯುವ ಕೆಲಸವಿದ್ದರೂ ಹೆಂಗಸರು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂರುತ್ತಿದ್ದರು.

ಹೋದ ವರ್ಷ ಜೈಪಾಲ ಎಂಬ ಹೊಸ ಪಾಸ್ಟರ್ ಬಂದ. ಶಹರದಲ್ಲಿ ಓದಿದವ, ವಯಸ್ಸು ಮೂವತ್ತೂ ಆಗಿರಲಿಲ್ಲ. ಒಂದು ಬುಧವಾರ ಅವನು ಬೇವಿನ ಕಡೆ ಬಂದಾಗ ಸರಿಯಾಗಿ ರಾಜ ಚೆಂಬು ಹಿಡಿದು ಗವಿಗೆ ಹೊರಟಿದ್ದ. ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು.

"ಏನಮ್ಮಾ ಇದು? ದೇವರ ಗ್ರಂಥದಾಗ ಇಂಥ ಹೊಲಸು ಮಾತು ಎಲ್ಲಿ ಅದ?" ಎಂದ ಜೈಪಾಲ. "ರಾಜ ಮಲಗಿದ್ದ. ದಾವೀದ ಬಂದು ಅವನ ಈಟಿ, ನೀರಿನ ತಂಬಿಗಿ ಒಯ್ದ. ಅಷ್ಟೇ ಇರೋದು. ಓದು ಬರದೋರು ಇನ್ನ ಮ್ಯಾಲ ಇಲ್ಲಿ ಕಥಿ ಹೇಳೋದು ಬ್ಯಾಡ."

ನಗು ನಿಂತಿತು. ಚಂದ್ರಾಬಾಯಿ ಎದ್ದು, ಸೆರಗನ್ನು ತಲೆಗೆ ಸರಿಮಾಡಿಕೊಂಡು, "ಆತ್ರಿ ಅಯ್ಯನೋರೆ" ಎಂದಳು. ಮನೆಗೆ ಹೋಗಿ ಮಷಿನ್ ಮುಂದೆ ಕುಳಿತಳು. ಅಂದು ಎರಡು ಸಲ ಸೂಜಿ ಮುರಿಯಿತು.

ಸಂಜೆ ನೆರೆಮನೆಯ ಲಚ್ಚಮ್ಮ ತನ್ನ ಸೊಸೆ ಕೌಶಲ್ಯಾಳನ್ನು ಎಳೆದುಕೊಂಡು ಬಂದಳು. ಕೌಶಲ್ಯಾ ಬೀದರ್ ಕಡೆಯವಳು, ಕನ್ನಡ ಓದಬಲ್ಲಳು. ಜೊತೆಗೆ ತಂದಿದ್ದ ಗ್ರಂಥದಲ್ಲಿ ಬೆರಳಿಟ್ಟು ಓದಿದಳು. ಇಂಥ ಕಥೆ ಒಂದಲ್ಲ, ಎರಡಿವೆ. ಒಂದರಲ್ಲಿ ರಾಜ ಮಲಗಿದ್ದಾನೆ. ಇನ್ನೊಂದರಲ್ಲಿ ಚಂದ್ರಾಬಾಯಿ ಹೇಳಿದ ಹಾಗೆಯೇ ಬಹಿರ್ದೆಸೆಗೆಂದು ಗವಿಗೆ ಹೋಗಿದ್ದಾನೆ.

ಲಚ್ಚಮ್ಮ ಚಪ್ಪಾಳೆ ತಟ್ಟಿದಳು. "ಸಿಕ್ಕ ನೋಡು! ಐತಾರ ಸುಗ್ಗಿ ಹಬ್ಬಕ್ಕ ಜಹೀರಾಬಾದದಿಂದ ದೊಡ್ಡ ಅಯ್ಯನೋರು ಬರ್ತಾರ. ಎಲ್ಲಾರ ಮುಂದ ಕೌಶಿ ಇದನ್ನ ಓದ್ತಾಳ. ಇವ ಮಾರಿ ಎಲ್ಲಿಟ್ಕೋತಾನ?"

ಚಂದ್ರಾಬಾಯಿಯ ತೊಡೆಯ ಮೇಲೆ ಆಗ ಜೈಪಾಲನ ಬಿಳಿ ನಿಲುವಂಗಿಯೇ ಇತ್ತು. ಮೋಟಾರ್ ಸೈಕಲ್ಲಿನ ಚೈನಿಗೆ ಸಿಕ್ಕು ಅಂಚು ಹರಿದಿತ್ತು. ಹಬ್ಬಕ್ಕೆ ಬೇಕೆಂದು ಮೊನ್ನೆಯೇ ಕೊಟ್ಟಿದ್ದ. ಕತ್ತರಿ ಆಕೆಯ ಕೈಯಲ್ಲಿತ್ತು. ಒಂದು ಗಳಿಗೆ ಆ ಮುಖ ಬಾಡುವುದನ್ನು ನೋಡಬೇಕು ಎಂದು ಆಕೆಗೂ ಅನ್ನಿಸಿತು. ಅನ್ನಿಸಿದ್ದಕ್ಕೇ ಎದೆ ಡವಡವ ಅಂದಿತು.

"ಬ್ಯಾಡ ಲಚ್ಚಕ್ಕ" ಎಂದಳು.

"ಮತ್ತ ಬಾಯಿ ಮುಚ್ಕೊಂಡು ಕುಂದರ್ತಿಯೇನು?"

"ಅದೂ ಇಲ್ಲ."

ಅಂಚನ್ನು ಮಡಚಿ, ದಾರ ಕಾಣದ ಹಾಗೆ ಕೈಯಿಂದಲೇ ಹೊಲಿದಳು. ಮರುದಿನ ಬೆಳಿಗ್ಗೆ ಅಂಗಿ, ಗ್ರಂಥ ಎರಡನ್ನೂ ಹಿಡಿದು ಪಾಸ್ಟರ್ ಮನೆಗೆ ಹೋದಳು. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಲ್ಲಿ ನಿಂತಳು.

"ಅಯ್ಯನೋರೆ, ಕೌಶಲ್ಯಾ ಇಲ್ಲಿ ಕಡ್ಡಿ ಇಟ್ಟಾಳ. ಒಂದೀಟು ನೋಡ್ರಿ. ನಾ ತಪ್ಪಿದ್ರ ನೀವು ಹೇಳ್ರಿ."

ಜೈಪಾಲ ನಿಂತೇ ಓದಿದ. ಮತ್ತೆ ಕುಳಿತು ಓದಿದ. ಅವನ ಕಿವಿ ಕೆಂಪಾದವು.

"ಚೆಂಬು ಮಾತ್ರ ಗ್ರಂಥದಾಗ ಇಲ್ರಿ" ಎಂದಳು ಚಂದ್ರಾಬಾಯಿ. "ಅದು ನಮ್ಮವ್ವ ಸೇರಿಸಿದ್ದು. ಆ ತಪ್ಪು ನಮ್ಮದೇ."

ಜೈಪಾಲ ನಕ್ಕ. ನಗು ಹೋದ ಮೇಲೆ ಕೇಳಿದ: "ಐತಾರ ದೊಡ್ಡೋರ ಮುಂದ ನೀವು ಇದನ್ನ ತೋರಿಸಬಹುದಿತ್ತಲ್ಲಮ್ಮಾ?"

"ತೋರಿಸು ಅಂದೋರು ಇದ್ರು. ಆದ್ರ ಆ ದೊಡ್ಡೋರೇ ಬಂದು ದೇವರ ಹೆಸರಲೆ ನಿಮ್ಮ ತಲಿ ಮ್ಯಾಲ ಕೈ ಇಟ್ಟು ಪಾಸ್ಟರ್ ಮಾಡ್ಯಾರ, ನಾ ಕಣ್ಣಾರೆ ನೋಡೀನಿ. ಆ ಕೈ ಇಟ್ಟ ತಲಿ ಮಂದ್ಯಾಗ ತಗ್ಗಿಸಾಕ ನಾ ಯಾರ್ರಿ?"

ಜೈಪಾಲ ಅಂಗಿಯ ಅಂಚನ್ನು ಬೆರಳಿಂದ ಸವರಿದ. ಹರಿದದ್ದು ಎಲ್ಲಿ ಎಂದು ಅವನಿಗೆ ಸಿಗಲಿಲ್ಲ. "ಐತಾರ ನಾನೇ ಎಲ್ಲಾರ ಮುಂದ ಹೇಳ್ತೀನಿ, ತಪ್ಪು ನಂದು ಅಂತ."

"ಐತಾರ ಬ್ಯಾಡ್ರಿ. ಹೊರಗಿನ ಮಂದಿಗಿ ಇದ್ಯಾಕ? ನೀವು ನನಗ ಅಂದಿದ್ದು ಬುಧವಾರ, ಹೆಂಗಸರ ಮುಂದ. ಬುಧವಾರ ಬರ್ರಿ."

ಭಾನುವಾರ ಹಬ್ಬ ಆಯಿತು. ಹೊಸ ತೊಗರಿಯ ಚೀಲಗಳು ಪೂಜಾಪೀಠದ ಮುಂದೆ ಸಾಲಾಗಿ ನಿಂತವು. ಜೈಪಾಲ ಬಿಳಿ ಅಂಗಿ ತೊಟ್ಟು ಪ್ರಾರ್ಥನೆ ನಡೆಸಿದ. ಚಂದ್ರಾಬಾಯಿ ಎಲ್ಲರಂತೆ ಅವನ ಮುಂದೆ ಮೊಣಕಾಲೂರಿ ಆಶೀರ್ವಾದ ತೆಗೆದುಕೊಂಡಳು. ಹಿಂದೆ ಲಚ್ಚಮ್ಮ ಹಲ್ಲು ಕಡಿಯುತ್ತಿದ್ದಳು.

ಬುಧವಾರ ಜೈಪಾಲ ಬೇವಿನ ಕೆಳಗೆ ಬಂದ. ಹೆಂಗಸರು ಏಳಲು ಹೋದರೆ ಬೇಡವೆಂದು ಕೈಮಾಡಿ, ಚಾಪೆಯ ತುದಿಯಲ್ಲಿ ಚಪ್ಪಲಿಗಳ ಪಕ್ಕ ಕುಳಿತ. "ಎರಡು ಕಥಿ ನಾ ಒಂದೇ ಮಾಡಿದ್ದೆ. ಅಮ್ಮ ಹೇಳಿದ್ದೇ ಖರೆ. ಬ್ಯಾಡ ಅಂದಿದ್ದು ನನ್ನ ತಪ್ಪು" ಎಂದ. ಆಮೇಲೆ ಮೆಲ್ಲಗೆ, "ಅಮ್ಮಾ, ರಾಜ ಇನ್ನೂ ಗವಿಯೊಳಗೇ ಇದ್ದಾನ. ಹೊರಗ ಕರೀರಿ."

ಲಚ್ಚಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ: "ಎಂಟು ದಿನ ಆತು, ಪಾಪ! ಚೆಂಬಿನ ನೀರೂ ಮುಗಿದಿರಬೇಕು!"

ಎಲ್ಲರಿಗಿಂತ ಜೋರಾಗಿ ನಕ್ಕವನು ಪಾಸ್ಟರ್. ಚಂದ್ರಾಬಾಯಿ ಸೆರಗಿನ ತುದಿ ಹಿಡಿದು ಕಥೆ ಮುಂದುವರಿಸಿದಳು.

ಮನೆಗೆ ಬಂದಾಗ ಕೆಲಸ ಗುಡ್ಡೆ ಬಿದ್ದಿತ್ತು. ಮಷಿನ್ ಮೇಲಿನ ಧೂಳು ಒರೆಸಿದಳು. ಅದರ ತೂತುಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟಳು. ಚಿಂದಿ ಬಟ್ಟೆಯ ಮೇಲೆ ನಾಲ್ಕು ಹೊಲಿಗೆ ಓಡಿಸಿ ನೋಡಿ, ಲಚ್ಚಮ್ಮನ ರವಿಕೆಗೆ ತೋಳು ಕೂಡಿಸಲು ಕುಳಿತಳು.