ಹಸಿರು ಪಟ್ಟಿಯ ತಪ್ಪೆಳೆ

ಓಹಾಯೋದ ಟೊಲೀಡೊದಲ್ಲಿ ಶಾಲಾ ಬಸ್ಸು ಓಡಿಸುವ ವರ್ನಾ ಕೊವಾಲ್‌ಸ್ಕಿ ಶನಿವಾರ ಬಂತೆಂದರೆ ಹದಿಮೂರನೆಯ ಶತಮಾನಕ್ಕೆ ಹೋಗಿಬಿಡುತ್ತಿದ್ದಳು. ಹಳೇ ಯುರೋಪಿನ ವೇಷ ತೊಟ್ಟು ಆ ಕಾಲದವರಂತೆ ಆಡುವ ಹವ್ಯಾಸಿಗಳ ಬಳಗವೊಂದಿತ್ತು; ಮೈದಾನದ ತುಂಬ ಡೇರೆ, ಗುರಾಣಿ, ನೆಲ ಗುಡಿಸುವ ಲಂಗ. ಆ ಬಳಗಕ್ಕೊಬ್ಬ ರಾಜನೂ ಉಂಟು. ವಾರದ ಐದು ದಿನ ಹಲ್ಲು ಕೀಳುವವನು. ನಗಬೇಡಿ. ಜನ ವರ್ನಾಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಅಲ್ಲೊಂದೇ ಕಡೆ.

ಹನ್ನೊಂದು ವರ್ಷದ ಹಿಂದೆ ನೇಯ್ಗೆಯ ಗುರು ಜಾನಿಸ್ ಎಲ್ಲರೆದುರು ಅವಳ ಸೊಂಟಕ್ಕೆ ಶಿಷ್ಯರ ಹಸಿರು ಪಟ್ಟಿ ಕಟ್ಟಿದಳು. ಪಟ್ಟಿಯನ್ನು ಗುರುವೇ ನೇಯ್ದು ಕೊಡುವುದು ಪದ್ಧತಿ. ಜಾನಿಸ್ ಮಾತ್ರ, "ನೀನೇ ನೇಯ್ಕೋ, ಕೈ ಪಳಗುತ್ತೆ" ಎಂದಿದ್ದಳು. ಹೊಸ ಕೈ; ನಡುವೆ ಒಂದು ಬಿಳಿ ಎಳೆ ತಿರುಚಿಕೊಂಡು ಹಾಗೇ ಉಳಿಯಿತು.

ಆಮೇಲೆ ಜಾನಿಸ್ ತೊಡುವ, ರಾಜ ರಾಣಿಯರಿಗೆ ಮಾಡಿಕೊಡುವ ಉಡುಪಿನ ಅಂಚುಗಳೆಲ್ಲ ವರ್ನಾ ನೇಯ್ದವು. ಹೊಗಳಿಕೆ ಮಾತ್ರ ಜಾನಿಸಳಿಗೆ. ವರ್ಷಕ್ಕೊಮ್ಮೆ ಗುರುಗಳ ಸಭೆ ಪಳಗಿದ ಶಿಷ್ಯರಲ್ಲಿ ಹೊಸ ಗುರುವನ್ನು ಆರಿಸುವ ದಿನ ವರ್ನಾ ಮಡಿ ಅಂಗಿ ತೊಟ್ಟು ಕಾಯುತ್ತಿದ್ದಳು.

ಈ ಸಲ ಕಮ್ಮಾರರ ಗುರು ರೂಡಿ ಸಭೆಯಿಂದೆದ್ದು ನೇರ ಅವಳ ಹತ್ತಿರ ಬಂದ. "ಹೇಳಬಾರ್ದು, ಆದ್ರೂ ಹೇಳ್ತೀನಿ. ಐದು ವರ್ಷದಿಂದ ನಿನ್ನ ಹೆಸರು ಎತ್ತುತ್ತಾ ಇದೀವಿ. ಪ್ರತಿ ಸಲ ಜಾನಿಸೇ 'ಇನ್ನೊಂದು ವರ್ಷ ಹೋಗ್ಲಿ' ಅಂತಾಳೆ. ಗುರುವೇ ಬೇಡ ಅಂದ್ಮೇಲೆ ನಾವೇನ್ ಮಾಡೋಣ?"

"ಯಾಕೆ, ನಿಮ್ಗೆಲ್ಲ ಬಾಯಿ ಬಿದ್ದೋಗಿತ್ತಾ?"

ರೂಡಿ ತನ್ನ ಬೂಟು ನೋಡಿಕೊಂಡ.

ವರ್ನಾ ಜಾನಿಸಳ ಡೇರೆಗೆ ನುಗ್ಗಿದಳು. "ನಾನು ಗುರು ಆಗ್ಬಿಟ್ರೆ ನಿಂಗೆ ಅಂಚು ನೇಯೋರು ಇರಲ್ಲ, ಅದಕ್ಕೆ ತಾನೆ?"

"ಬಸ್ಸಲ್ಲಿ ಮಕ್ಕಳ ಮೇಲೆ ಕೂಗೋ ಹಾಗೆ ಇಲ್ಲಿ ಕೂಗ್ಬೇಡ, ಚಿನ್ನಾ. ತಾಳ್ಮೆ ಕಲಿ."

ಪಟ್ಟಿ ಹಿಂತಿರುಗಿಸಿದವರ ಹೆಸರನ್ನು ಸಭೆಯಲ್ಲಿ ಮತ್ತೆ ಯಾರೂ ಎತ್ತುವುದಿಲ್ಲ. ವರ್ನಾಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬಿಚ್ಚಿಟ್ಟಳು.

ಜಾನಿಸ್ ಪಟ್ಟಿಯನ್ನು ಜೋಪಾನವಾಗಿ ಸುತ್ತಿದಳು. "ರಾಣಿಯ ತೋಳಿನ ಅಂಚು ಮುಗಿಸಿದ್ಯಾ?"

ಮುಂದಿನ ವರ್ಷ ವರ್ನಾ ಸುಮ್ಮನೆ ನೋಡಲು ಹೋದಳು. ಹೊಸ ಶಿಷ್ಯೆ, ನಡುವಯಸ್ಸಿನ ನರ್ಸ್ ಮಾರ್ಲಾ, ಸೊಂಟದ ಪಟ್ಟಿ ಸವರುತ್ತಾ ರೂಡಿಗೆ ಹೇಳುತ್ತಿದ್ದಳು: "ಜಾನಿಸ್ ಕೈಯಾರೆ ನೇಯ್ದು ಕೊಟ್ರು!"

"ಅದು ನಾನು ನೇಯ್ದಿದ್ದು" ಎಂದಳು ವರ್ನಾ. "ನಡುವೆ ಬಿಳಿ ಎಳೆ ತಿರುಚಿಕೊಂಡಿದೆ, ನೋಡು."

ಮಾರ್ಲಾ ನೋಡಲಿಲ್ಲ. ಜ್ವರದಲ್ಲಿ ಬಡಬಡಿಸುವ ರೋಗಿಯನ್ನು ಸಂತೈಸುವಂತೆ ವರ್ನಾಳ ಕೈ ತಟ್ಟಿದಳು. "ನೀವು ಹೀಗೇ ಹೇಳ್ತೀರಂತ ಜಾನಿಸ್ ಮೊದ್ಲೇ ಹೇಳಿದ್ರು. ಪಾಪ."

ವರ್ನಾ ರೂಡಿಯತ್ತ ತಿರುಗಿದಳು. ಅವನು ಬೂಟು ನೋಡಿಕೊಳ್ಳುತ್ತಿದ್ದ.